ಸೊಂಟ ಬಿಡಿ, ತೊಡೆ ಹಿಡಿಯಿರಿ

ವಿಟಮಿನ್ ಬಿ12 ಕೊರತೆಗೆ ಸ್ನಾಯುವಿಗೆ ಚುಚ್ಚುವ ಇಂಜೆಕ್ಷನ್ ಬರೆದುಕೊಟ್ಟೊಡನೆ ಬರುವ ಮೊದಲ ಪ್ರಶ್ನೆ: "ಸೊಂಟಕ್ಕೋ, ಕೈಗೋ?" ಮನೆಯಲ್ಲಿ ನೀವೇ ಚುಚ್ಚಿಕೊಳ್ಳುವುದಾದರೆ ಎರಡೂ ಬೇಡ. ನಾವು ಸಂಕೋಚದಿಂದ ಸೊಂಟ ಎಂದು ಕರೆಯುವ ಪೃಷ್ಠದಲ್ಲಿ ಕಾಲಿಗೆ ಹೋಗುವ ದೊಡ್ಡ ನರ, ಸಯಾಟಿಕ್ ನರ, ಇಳಿದುಹೋಗುತ್ತದೆ. ಕತ್ತು ತಿರುಗಿಸಿ, ಅಂದಾಜಿನ ಮೇಲೆ ಚುಚ್ಚಿದ ಸೂಜಿ ಅದಕ್ಕೆ ತಗುಲಿದರೆ ಪಾದ ಎತ್ತಲಾಗದ ಸ್ಥಿತಿಯೂ ಬರಬಹುದು. ಇನ್ನು ತೋಳಿನ ಸ್ನಾಯು ಚಿಕ್ಕದು, ಅಲ್ಲಿ ಕೆಲಸವೆಲ್ಲ ಒಂಟಿ ಕೈಯದು.

ತೊಡೆ ಕಣ್ಣೆದುರೇ ಇರುತ್ತದೆ. ಕುರ್ಚಿಯಲ್ಲಿ ಕೂತು ಮಂಡಿಯ ಮೇಲೆ ಒಂದು ಅಂಗೈಯನ್ನು, ತೊಡೆಯ ಬುಡದಲ್ಲಿ ಇನ್ನೊಂದನ್ನು ಅಡ್ಡಲಾಗಿ ಇಡಿ. ನಡುವೆ ಉಳಿಯುವ ಭಾಗದ ಹೊರಮಗ್ಗುಲು, ಪ್ಯಾಂಟಿನ ಪಕ್ಕದ ಹೊಲಿಗೆಗಿಂತ ತುಸು ಮುಂದೆ: ಅದೇ ಜಾಗ. ವಾರ ವಾರ ಎಡ, ಬಲ ಬದಲಿಸಿ.

ಮೊದಲ ಡೋಸನ್ನು ಕ್ಲಿನಿಕ್‌ನಲ್ಲೇ, ನರ್ಸ್ ನೋಡುತ್ತಿರುವಾಗ ತೆಗೆದುಕೊಳ್ಳಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಮೊದಲೇ ಹೇಳಬೇಕು. ಸ್ನಾಯುವಿನೊಳಗೆ ರಕ್ತ ಸೋರಿ ಗಂಟು ಕಟ್ಟೀತು. ತೀವ್ರ ಅಲರ್ಜಿ ತರಬಲ್ಲ ಪೆನ್ಸಿಲಿನ್‌ನಂಥ ಇಂಜೆಕ್ಷನ್‌ಗಳನ್ನು ಮನೆಯಲ್ಲಿ ಮುಟ್ಟಲೇಬೇಡಿ. ಮನೆಯಲ್ಲಿದೆಯೆಂದು ಇನ್ಸುಲಿನ್ ಸಿರಿಂಜ್ ಬಳಸುವವರಿದ್ದಾರೆ. ಅದರ ಗಿಡ್ಡ ಸೂಜಿ ಚರ್ಮದಡಿಯ ಕೊಬ್ಬಿನಲ್ಲೇ ನಿಲ್ಲುತ್ತದೆ. ಸ್ನಾಯು ಮುಟ್ಟಲು ಸಾಮಾನ್ಯವಾಗಿ ಒಂದರಿಂದ ಒಂದೂವರೆ ಇಂಚಿನ ಸೂಜಿ ಬೇಕು. ನಿಮ್ಮ ಮೈಕಟ್ಟಿಗೆ ಯಾವುದೆಂದು ಚೀಟಿಯಲ್ಲೇ ಬರೆಸಿಕೊಳ್ಳಿ.

ಸೋಪಿನಲ್ಲಿ ಕೈ ತೊಳೆಯಿರಿ. ಔಷಧವಿರುವ ಪುಟ್ಟ ಗಾಜಿನ ಸೀಸೆಯ (ಆಂಪೂಲ್) ಕತ್ತಿಗೆ ಹತ್ತಿ ಸುತ್ತಿ, ನಿಮ್ಮಿಂದ ಆಚೆಗೆ ಬಾಗಿಸಿ ಮುರಿಯಿರಿ. ಔಷಧ ಎಳೆದ ಸೂಜಿಯನ್ನು ತೆಗೆದು ಹೊಸದನ್ನು ಹಾಕಿ, ಗಾಳಿಗುಳ್ಳೆ ಹೊರಹಾಕಿ. ಸ್ಪಿರಿಟ್ ಒರೆಸಿದ ಮೇಲೆ ಅರ್ಧ ನಿಮಿಷ ಸುಮ್ಮನಿರಿ. ಇಲ್ಲಿ ಬಹಳ ಮಂದಿ ಮಾಡುವ ಕೆಲಸವೊಂದಿದೆ, ಬಾಯಿಂದ ಉಫ್ ಎಂದು ಊದುವುದು! ಒರೆಸಿದ್ದೆಲ್ಲ ನೀರಿಗೆ ಹೋದಂತೆ. ಒಣಗುವ ಮೊದಲೇ ಚುಚ್ಚಿದರೆ ಉರಿಯುತ್ತದೆ.

ನಮ್ಮ ಕ್ಲಿನಿಕ್‌ಗೆ ಬರುವ ನಿವೃತ್ತ ಮೇಷ್ಟ್ರೊಬ್ಬರು ಹೆದರಿಕೆಯಿಂದ ಸೂಜಿಯನ್ನು ಇಷ್ಟಿಷ್ಟೇ ಒತ್ತುತ್ತಿದ್ದರು, ನೋವು ಅದರಿಂದಲೇ. ಪೆನ್ನು ಹಿಡಿದಂತೆ ಸಿರಿಂಜ್ ಹಿಡಿದು, ನೇರವಾಗಿ, ಒಂದೇ ಸಲಕ್ಕೆ ಚುಚ್ಚಬೇಕು. ನಿಧಾನ ಬೇಕಿರುವುದು ಔಷಧ ಬಿಡುವಾಗ: ಒಂದು ಎಂಎಲ್‌ಗೆ ಹತ್ತು ಎಣಿಸಿ.

ಪಿಸ್ಟನ್ ಹಿಂದಕ್ಕೆಳೆದು ರಕ್ತ ಬರುವುದೇ ಎಂದು ನೋಡಬೇಕೇ? ಲಸಿಕೆಗಳಿಗೆ ಅದರ ಅಗತ್ಯವಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ತೊಡೆಯ ಹೊರಭಾಗದಲ್ಲಿ ದೊಡ್ಡ ರಕ್ತನಾಳಗಳೂ ಇಲ್ಲ. ಬೇರೆ ಔಷಧಗಳಿಗೆ ನಿಮಗೆ ಕಲಿಸಿದವರು ಹೇಳಿದಂತೆ ಮಾಡಿ. ಬಿ12 ಔಷಧದ್ದೇ ಕೆಂಪು ಬಣ್ಣ, ಅದರಲ್ಲಿ ರಕ್ತ ಗುರುತಿಸುವುದು ನಮಗೂ ಕಷ್ಟ.

ಸೂಜಿ ತೆಗೆದ ಮೇಲೆ ಹತ್ತಿ ಒತ್ತಿ ಹಿಡಿಯಿರಿ, ತಿಕ್ಕಬೇಡಿ. ಒಂದೆರಡು ದಿನ ನೋವಿದ್ದರೆ ಚಿಂತೆಯಿಲ್ಲ. ಕೆಂಪಾಗಿ ಬಿಸಿಯೇರುತ್ತ ಹೋದರೆ, ಜ್ವರ ಬಂದರೆ, ಕಾಲು ಜೋಮು ಹಿಡಿದರೆ ತೋರಿಸಿ. ಮೈಯೆಲ್ಲ ದದ್ದು, ತುಟಿ ಊತ, ಉಸಿರು ಕಟ್ಟುವುದು ಕಂಡರೆ ತಕ್ಷಣ 108ಕ್ಕೆ ಕರೆ ಮಾಡಿ.

ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಲು ಹೋಗಬೇಡಿ, ಬೆರಳಿಗೆ ಚುಚ್ಚಿಕೊಳ್ಳುವುದು ಆಗಲೇ. ಕಸದ ಚೀಲಕ್ಕೂ ಎಸೆಯಬೇಡಿ. ಅದು ಪೌರಕಾರ್ಮಿಕರ ಅಂಗೈ ಸೇರುತ್ತದೆ. ಫಿನಾಯಿಲ್ ಮುಗಿದ ದಪ್ಪ ಪ್ಲಾಸ್ಟಿಕ್ ಕ್ಯಾನ್ ಸಾಕು. ಮುಕ್ಕಾಲು ತುಂಬಿದಾಗ ಮುಚ್ಚಳ ಬಿಗಿದು ಕ್ಲಿನಿಕ್‌ಗೆ ತನ್ನಿ, ನಮ್ಮ ಸೂಜಿಗಳ ಜೊತೆಗೇ ವಿಲೇವಾರಿಗೆ ಕಳಿಸುತ್ತೇವೆ.