ಹಂಚು ಇಳಿಸಿ ಶೀಟು ಹಾಕಿದ ಮೇಲೆ

ಮೇ ತಿಂಗಳು ಬಂತೆಂದರೆ ಮಂಗಳೂರು, ಉಡುಪಿ ಕಡೆ ಮಾಡಿನ (ಛಾವಣಿಯ) ಕೆಲಸ ಶುರು. ಒಡೆದ ಆಸ್ಬೆಸ್ಟಾಸ್ ಸಿಮೆಂಟ್ ಶೀಟು ಬದಲಿಸುವುದು, ಪಾಚಿ ಉಜ್ಜುವುದು, ಹುಕ್ಕಿಗೆ ತೂತು ಕೊರೆಯುವುದು. ಆಗ ಏಳುವ ಧೂಳಿನ ಬಗ್ಗೆ ಕೇಳಿದರೆ ಒಬ್ಬರು ಕ್ಯಾನ್ಸರ್ ಎನ್ನುತ್ತಾರೆ, ಇನ್ನೊಬ್ಬರು ಸುಮ್ನೆ ಹೆದರಿಸಬೇಡಿ ಎನ್ನುತ್ತಾರೆ.

ಆಸ್ಬೆಸ್ಟಾಸ್ ಅಂದರೆ ಕಲ್ನಾರು, ಕಲ್ಲಿನೊಳಗಿನ ನಾರು. ಅದರ ಸಣ್ಣ ಎಳೆ ಉಸಿರಿನ ಜೊತೆ ಒಳಗೆ ಹೋದರೆ ದೇಹಕ್ಕೆ ಕರಗಿಸಲು ಆಗುವುದಿಲ್ಲ. ಶ್ವಾಸಕೋಶದ ಹೊರಪದರದಲ್ಲಿ ಅದರಿಂದ ಹುಟ್ಟುವ ಅಪರೂಪದ ಕ್ಯಾನ್ಸರ್ ಮೆಸೊಥೆಲಿಯೋಮಾ. ಸಾಮಾನ್ಯವಾಗಿ ಅದು ಕಾಣಿಸಿಕೊಳ್ಳುವುದು ಧೂಳು ಕುಡಿದ 20ರಿಂದ 50 ವರ್ಷದ ನಂತರ. 1960ರಲ್ಲಿ ದಕ್ಷಿಣ ಆಫ್ರಿಕದ ವ್ಯಾಗ್ನರ್ ಮತ್ತು ಜೊತೆಗಾರರು ಇಂಥ 33 ರೋಗಿಗಳ ವಿವರ ಪ್ರಕಟಿಸಿದರು. ಕಲ್ನಾರಿನ ಗಣಿಗೆ ಇಳಿಯದೆ, ಅದರ ಹತ್ತಿರ ಬೆಳೆದವರೂ ಅವರಲ್ಲಿದ್ದರು. ಬ್ರಿಟನ್ 1999ರಲ್ಲಿ, ಯುರೋಪ್ ಒಕ್ಕೂಟ 2005ರಲ್ಲಿ ಕಲ್ನಾರು ನಿಷೇಧಿಸಿದವು. ನಮ್ಮಲ್ಲಿ ಗಣಿಗಾರಿಕೆಗೆ ತಡೆ ಬಿತ್ತು, ರಷ್ಯಾ ಮತ್ತಿತರ ಕಡೆಯಿಂದ ಆಮದು ಮುಂದುವರಿಯಿತು.

ಹಂಚಿನ ಊರಿಗೆ ಶೀಟು ಬಂದದ್ದು ಹೇಗೆ? ಸ್ವಿಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಊರು ಮಂಗಳೂರು. ಆದರೆ ಹಂಚಿಗೆ ಮರದ ಪಕ್ಕಾಸು ಬೇಕು, ಅದರ ಮೇಲೆ ಅಡ್ಡಕ್ಕೆ ರೀಪು ಬೇಕು. ಮರದ ಬೆಲೆ ಏರಿತು, ವರ್ಷವರ್ಷ ಹಂಚು ಕೈಯಾಡಿಸುವವರು ಸಿಗದಾದರು. ಶೀಟಿಗೆ ನಾಲ್ಕು ಪೈಪು ಸಾಕು. ಮೊದಲು ಹಟ್ಟಿಗೆ, ಬಚ್ಚಲಿಗೆ, ಆಮೇಲೆ ಜಗಲಿಗೆ, ಅಂಗಡಿಗೆ. ಕೈಯಲ್ಲಿ ಕಾಸಿಲ್ಲದವರು ಅದನ್ನು ಆರಿಸಿಕೊಂಡದ್ದರಲ್ಲಿ ತಪ್ಪೇನಿದೆ?

ಗಟ್ಟಿಯಾಗಿರುವ ಶೀಟಿನಲ್ಲಿ ಸಿಮೆಂಟು ನಾರನ್ನು ಹಿಡಿದಿಟ್ಟಿರುತ್ತದೆ. ಕೊಯ್ದಾಗ, ಕೊರೆದಾಗ, ತಂತಿ ಬ್ರಷ್ಷಿನಲ್ಲಿ ಉಜ್ಜಿದಾಗ ನಾರು ಗಾಳಿಗೆ ಬರುತ್ತದೆ. ಹಾಗಾಗಿ ಕೆಳಗೆ ಮಲಗುವವರಿಗಿಂತ ಮೇಲೆ ಹತ್ತಿದವನಿಗೆ ಅಪಾಯ ಜಾಸ್ತಿ. ಅವನ ಅಂಗಿ ಒಗೆಯುವವಳಿಗೂ ಅದು ತಪ್ಪಿದ್ದಲ್ಲ. ಶೀಟನ್ನು ಒದ್ದೆ ಮಾಡಿ, ಒಡೆಯದೆ ಇಡಿಯಾಗಿ ಇಳಿಸಿದರೆ ಧೂಳು ಬಹಳ ಕಡಿಮೆ. ಒಡೆದ ತುಂಡುಗಳನ್ನು ಗೇಟಿನ ಎದುರಿನ ಹೊಂಡಕ್ಕೆ ಸುರಿಯುವುದಂತೂ ಬೇಡವೇ ಬೇಡ.

ಕಲ್ನಾರು ಕಾರ್ಮಿಕರ ಆರೋಗ್ಯದ ದಾಖಲೆಯನ್ನು ಕನಿಷ್ಠ 40 ವರ್ಷ ಇಡಬೇಕೆಂದು ಸುಪ್ರೀಂ ಕೋರ್ಟು 1995ರಲ್ಲಿ ಹೇಳಿತು. ಒಳ್ಳೆಯ ತೀರ್ಪು. ಆದರೆ ದಿನಗೂಲಿಗೆ ಮಾಡು ಹತ್ತುವವನ ಹೆಸರು ಯಾವ ಪುಸ್ತಕದಲ್ಲಿದೆ? ಎದೆಯಲ್ಲಿ ನೀರು ತುಂಬಿ, ದಮ್ಮು ಕಟ್ಟಿ ಆಸ್ಪತ್ರೆಗೆ ಹೋದಾಗ ಮೊದಲು ಟಿಬಿ ಇದೆಯಾ ಎಂದು ನೋಡುತ್ತಾರೆ. ನೋಡಬೇಕಾದದ್ದೇ. ಜೊತೆಗೆ ನಲವತ್ತು ವರ್ಷದ ಹಿಂದಿನ ಕೆಲಸವನ್ನೂ ಕೇಳಬೇಕು, ಅಲ್ವಾ? ಮನೆಯ ಹಿರಿಯರು ಶೀಟಿನ ಕೆಲಸ ಮಾಡಿದ್ದರೆ, ಕಲ್ನಾರು ಬಳಸುತ್ತಿದ್ದ ಬಾಯ್ಲರ್ ಕೆಲಸ ಮಾಡಿದ್ದರೆ, ಹಳೇ ಹಡಗಿನ ಎಂಜಿನ್ ಕೋಣೆಯಲ್ಲಿ ದುಡಿದಿದ್ದರೆ, ಡಾಕ್ಟರು ಕೇಳದಿದ್ದರೂ ನೀವೇ ಹೇಳಿ ಚೀಟಿಯಲ್ಲಿ ಬರೆಸಿ.