ಹಿನ್ನೆಲೆ ಚಿತ್ರದೊಳಗೆ ಕಾಣಬೇಕು

ಧಾರವಾಡದಲ್ಲಿ ಕಲಾ ಇತಿಹಾಸ ಕಲಿಸುವ ನನಗೆ ಪ್ರತಿ ಪರೀಕ್ಷೆಯಲ್ಲೂ ಒಂದೇ ಬಗೆಯ ಉತ್ತರ ಸಿಗುತ್ತದೆ. ಮೊದಲ ಪುಟ ಪೂರ್ತಿ ‘ಹಿನ್ನೆಲೆ’. ಯಾವ ರಾಜ, ಯಾವ ಯುದ್ಧ, ಯಾವ ಧರ್ಮ. ಆಮೇಲೆ ಒಂದು ಗೆರೆ ಎಳೆದು ‘ಲಕ್ಷಣಗಳು’. ಗೆರೆಯ ಮೇಲಿನದನ್ನು ಹರಿದು ಹಾಕಿದರೂ ಕೆಳಗಿನ ಒಂದು ಮಾತೂ ಬದಲಾಗುವುದಿಲ್ಲ. ಹಾಗಿದ್ದ ಮೇಲೆ ಅಷ್ಟು ಶಾಯಿ ಯಾಕೆ ಖರ್ಚು ಮಾಡಬೇಕು?

ಹಿನ್ನೆಲೆ ಎಂದರೆ ಚಿತ್ರದಲ್ಲಿ ಕಣ್ಣಿಗೆ ಕಾಣುವ ಒಂದು ಸಂಗತಿಗೆ ಕಾರಣ ಹೇಳುವಂಥದ್ದು. ಇದನ್ನು ಎಷ್ಟು ಸಲ ಹೇಳಿದರೂ ಮಕ್ಕಳಿಗೆ ತಲುಪುತ್ತಿಲ್ಲ. ಅದಕ್ಕೇ ಒಂದೇ ಚಿತ್ರ ಹಿಡಿದು ನಿಧಾನವಾಗಿ ಹೇಳುತ್ತೇನೆ.

ಡಚ್ (ಹಾಲೆಂಡಿನ) ಚಿತ್ರಕಾರ ರೆಂಬ್ರಾಂಟ್ 1642ರಲ್ಲಿ ಮುಗಿಸಿದ ‘ನೈಟ್ ವಾಚ್’ ತೆಗೆದುಕೊಳ್ಳಿ. ನಗರ ಕಾವಲು ಪಡೆಯೊಂದರ ಗುಂಪುಚಿತ್ರ ಅದು. ‘ಹಾಲೆಂಡ್ ಸ್ಪೇನ್ ವಿರುದ್ಧ ಹೋರಾಡಿತು, ವ್ಯಾಪಾರ ಬೆಳೆಯಿತು’ ಎಂದು ಎಲ್ಲರೂ ಬರೆಯುತ್ತಾರೆ. ಸರಿ, ಚಿತ್ರದಲ್ಲಿ ಅದು ಎಲ್ಲಿದೆ? ಅಲ್ಲಿನ ಪ್ರೊಟೆಸ್ಟೆಂಟ್ ಚರ್ಚುಗಳು ಪೂಜಾಪೀಠದ ಚಿತ್ರ ಬರೆಸುತ್ತಿರಲಿಲ್ಲ. ಹಾಗಾಗಿ ಕಲಾವಿದರಿಗೆ ಕೆಲಸ ಕೊಡುವವರು ಊರಿನ ಜನರೇ. ಇಲ್ಲಿ ಕೊಟ್ಟವರು ನಗರ ಕಾವಲು ಪಡೆಯವರು, ತಮ್ಮ ಸಭಾಂಗಣದಲ್ಲಿ ತೂಗುಹಾಕಲು. ತಲೆಗೆ ಸುಮಾರು 100 ಗಿಲ್ಡರ್ (ಅಲ್ಲಿನ ಆಗಿನ ನಾಣ್ಯ) ಹಾಕಿಕೊಂಡರು. ಚಿತ್ರದಲ್ಲಿ ಸಿಗುವ ಜಾಗ ನೋಡಿ ಅದು ಹೆಚ್ಚು ಕಡಿಮೆ ಆಯಿತು. ಈಗ ಮತ್ತೆ ನೋಡಿ. ಕೆಲವರು ಬೆಳಕಿನಲ್ಲಿ, ಕೆಲವರ ಮುಖ ಇನ್ನೊಬ್ಬನ ತೋಳಿನ ಹಿಂದೆ. ಪ್ರಶ್ನೆಗಳು ತಾವಾಗಿ ಹುಟ್ಟುತ್ತವೆ, ಅಲ್ವಾ?

ಇನ್ನೊಂದು. 1715ರಲ್ಲಿ ಈ ಚಿತ್ರವನ್ನು ಪುರಭವನಕ್ಕೆ ಒಯ್ದಾಗ ಗೋಡೆಗೆ ಹಿಡಿಸಲಿಲ್ಲ ಎಂದು ಅಂಚುಗಳನ್ನು ಕತ್ತರಿಸಿದರು. ಎಡಗಡೆ ಜಾಸ್ತಿ ಹೋಯಿತು. ಇವತ್ತು ಆ ಪಡೆಯ ಕ್ಯಾಪ್ಟನ್ ಹೆಚ್ಚು ಕಡಿಮೆ ನಟ್ಟನಡುವೆ ನಿಂತಂತೆ ಕಾಣುವುದಕ್ಕೆ ಕಾರಣ ಆ ಕತ್ತರಿ. ಅದನ್ನು ಕಲಾವಿದನ ಲೆಕ್ಕಾಚಾರ ಎಂದು ಹೊಗಳಿ ಬರೆದ ಉತ್ತರಗಳನ್ನು ನಾನು ಬೇಕಾದಷ್ಟು ಓದಿದ್ದೇನೆ.

ಈ ಪಾಠ ಮುಗಿದಾಗ ಕಲಘಟಗಿ ಕಡೆಯ ಒಬ್ಬ ಹುಡುಗ ಎದ್ದು ನಿಂತ. ಅವರ ಮನೆಯಲ್ಲಿ ಬಣ್ಣದ ತೊಟ್ಟಿಲು ಮಾಡುತ್ತಾರೆ. “ಮೇಡಂ, ನಮ್ಮಲ್ಲೂ ಹಂಗ ರೀ. ರೊಕ್ಕಾ ಕೊಡವ್ರು ಯಾವ ಪಟ್ಟಿಗೆ ಯಾವ ಚಿತ್ರ ಬೇಕಂತ ಹೇಳಿ ಹೋಗ್ತಾರ್ರಿ” ಅಂದ. ಅಲ್ಲಿಯವರೆಗೆ ಅವನು ತರಗತಿಯಲ್ಲಿ ಬಾಯಿಯೇ ಬಿಟ್ಟಿರಲಿಲ್ಲ. ನನಗಾದ ಖುಷಿ ಅಷ್ಟಿಷ್ಟಲ್ಲ. ಡಚ್ಚರ ಚಿತ್ರ ಅವನಿಗೆ ದೂರದ್ದಾಗಿ ಉಳಿಯಲಿಲ್ಲ.

ಆದರೆ ಎಚ್ಚರವೂ ಬೇಕು. ಗದಗದ ಹತ್ತಿರದ ಲಕ್ಕುಂಡಿಗೆ ಮಕ್ಕಳನ್ನು ಕರೆದುಕೊಂಡು ಹೋದರೆ ಬ್ರಹ್ಮ ಜಿನಾಲಯದ ಮುಂದೆ ಚಾಲುಕ್ಯರ ವಂಶಾವಳಿ ಒಪ್ಪಿಸುತ್ತಾರೆ. ಕಟ್ಟಿಸಿದವಳು ಅತ್ತಿಮಬ್ಬೆ, ಸೇನಾನಿಯೊಬ್ಬನ ವಿಧವೆ, 11ನೆಯ ಶತಮಾನದ ಆರಂಭದಲ್ಲಿ. ಅದನ್ನು ಹೇಳಿದ ಕೂಡಲೇ ಇನ್ನೊಂದು ತುದಿಗೆ ಹಾರುತ್ತಾರೆ: ‘ಆಕೆ ಶ್ರೀಮಂತೆ, ಆದ್ದರಿಂದ ಇಷ್ಟು ನಯವಾದ ಕೆತ್ತನೆ.’ ಅಷ್ಟು ಬೇಗ ತೀರ್ಮಾನ ಬೇಡ. ಬಾದಾಮಿಯಲ್ಲಿ ಬಳಸಿದ್ದು ಮರಳುಗಲ್ಲು. ಇಲ್ಲಿನದು ಮೆದುವಾದ, ನುಣ್ಣನೆಯ ಬಳಪದ ಕಲ್ಲು. ಕಂಬಗಳನ್ನು ತಿರುಗಿಸಿ ಕಡೆದಂತೆ ಮಾಡಲು ಅದು ಒಗ್ಗುತ್ತದೆ. ಹಣವೂ ಕಾರಣ ಇರಬಹುದು, ಕಲ್ಲೂ ಇರಬಹುದು, ಶಿಲ್ಪಿಗಳ ಪಳಗಿದ ಕೈಯೂ ಇರಬಹುದು. ಇನ್ನು ಶಾಸನ ಹೇಳುವುದು ದಾನ ಕೊಟ್ಟವರು ಹೇಳಿಸಬೇಕೆಂದುಕೊಂಡದ್ದನ್ನು. ಉಳಿ ಹಿಡಿದವನ ಮಾತು ಅದರಲ್ಲಿ ಸಿಗುವುದು ಕಡಿಮೆ. ಅಂಥ ಕಡೆ ‘ಬಹುಶಃ’ ಎಂದು ಬರೆದರೆ ನಾನು ಅಂಕ ಕಳೆಯುವುದಿಲ್ಲ, ಕೊಡುತ್ತೇನೆ.

ಮುಂದಿನ ಪರೀಕ್ಷೆಯಲ್ಲಿ ‘ಹಿನ್ನೆಲೆ ಬರೆಯಿರಿ’ ಎನ್ನುವ ಪ್ರಶ್ನೆಯನ್ನೇ ಕೈಬಿಡುತ್ತಿದ್ದೇನೆ. ಒಂದು ಚಿತ್ರ ಕೊಡುತ್ತೇನೆ. ಅದರಲ್ಲಿ ಕಾಣುವ ಒಂದೇ ಒಂದು ಸಂಗತಿ ಆರಿಸಿ, ಅದು ಹಾಗೇಕಿದೆ ಎಂದು ಎರಡು ಪುಟದಲ್ಲಿ ಬರೆಯಿರಿ. ರಾಜರ ಹೆಸರು ಅಲ್ಲಿಗೆ ಬೇಕಾದರೆ ಮಾತ್ರ ಬರಲಿ.