ಮನಿ ಪ್ಲಾಂಟ್ ಕೆಸುವಿನ ನೆಂಟ, ನಾಯಿಗೆ ಅದು ಗೊತ್ತಿಲ್ಲ

ಮಳೆಗಾಲದಲ್ಲಿ ಶಿರಸಿ ಕಡೆ ಚಂದದ ಕುಂಡಗಳೆಲ್ಲ ಜಗುಲಿಗೆ ಬರ್ತವೆ, ನಾಯಿ ಬೆಕ್ಕೂ ಅಲ್ಲೇ, ಹೊರಗೆ ಹೋಗೋಕಾಗದೆ ಬೇಜಾರಾದ ನಾಯಿಮರಿ ಸಿಕ್ಕಿದ್ದನ್ನೆಲ್ಲ ಕಡೀತದೆ. "ಪ್ರಾಣಿಗೆ ಗೊತ್ತಾಗ್ತದೆ ಮಾರಾಯಾ, ವಿಷದ ಗಿಡ ಮುಟ್ಟೂದಿಲ್ಲ" ಅಂತಾರೆ ಜನ. ಈ ಮಾತು ಕೇಳಿದ್ರೆ ನಂಗೆ ಪಿತ್ತ ನೆತ್ತಿಗೇರ್ತದೆ! ಮನಿ ಪ್ಲಾಂಟ್ ಮೂಲ ಪೆಸಿಫಿಕ್‌ನ ದ್ವೀಪದ್ದು, ಡೀಫನ್‌ಬೇಕಿಯಾ (ಎಲೆ ಮೇಲೆ ಬಿಳಿ ಮಚ್ಚೆ ಇರೋ ಕುಂಡದ ಗಿಡ) ಅಮೆರಿಕ ಖಂಡದ್ದು, ಅವುಗಳ ವಿಷ ನಮ್ಮೂರಿನ ನಾಯಿಗೆ ಯಾರು ಹೇಳಿಕೊಟ್ಟರು?

ಎರಡೂ ನಮ್ಮ ಕೆಸುವಿನ ಕುಟುಂಬದವೇ. ಕರಕಲಿ ಗೊಜ್ಜಿಗೆ ಕೆಸು ಸರಿ ಬೇಯದಿದ್ರೆ ಗಂಟಲು ಕೆರೀತದಲ್ಲ, ಕಾರಣ ಎಲೆಯ ಕೋಶದೊಳಗೆ ಕಟ್ಟುಕಟ್ಟಾಗಿರೋ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಗಳು, ಹೆಸರು ರಾಫೈಡ್. ಕಡಿದ ಕೂಡ್ಲೇ ಕೋಶ ಒಡೆದು ಸೂಜಿ ಚಿಮ್ಮಿ ನಾಲಿಗೆಗೆ ನೆಡ್ತವೆ. ಆದ್ರೆ ಬರೀ ಸೂಜಿಯ ಕತೆ ಅಲ್ಲ ಇದು. 2014ರಲ್ಲಿ ಜಪಾನಿನ ಸಂಶೋಧಕರು ಕಿವಿ ಹಣ್ಣಿನ ರಾಫೈಡ್ ತೆಗೆದು ಕಂಬಳಿಹುಳಕ್ಕೆ ತಿನ್ನಿಸಿದ್ರು, ಸೂಜಿ ಒಂದೇ ಕೊಟ್ಟಾಗ ಹೆಚ್ಚೇನೂ ಆಗ್ಲಿಲ್ಲ, ಪ್ರೋಟೀನು ಕತ್ತರಿಸೋ ಕಿಣ್ವ ಒಂದೇ ಕೊಟ್ಟಾಗಲೂ ಅಷ್ಟೇ, ಎರಡೂ ಸೇರಿಸಿ ಕೊಟ್ಟಾಗ ಹುಳ ಸತ್ತೇಹೋದ್ವು. ಅದೇ ಆಕ್ಸಲೇಟನ್ನ ಸೂಜಿ ಆಕಾರ ಇಲ್ಲದೆ ಕಿಣ್ವದ ಜೊತೆ ಕೊಟ್ರೆ ಆ ಪರಿಣಾಮ ಇಲ್ಲ! ಅಂದ್ರೆ ರಾಫೈಡ್ ಇಂಜೆಕ್ಷನ್ ಸೂಜಿ ಇದ್ದ ಹಾಗೆ, ತೂತು ಅದು ಮಾಡ್ತದೆ, ಒಳಗೆ ಹೋಗಿ ಕೆಲಸ ಕೆಡಿಸೋದು ಬೇರೆಯದು. ನಾವಾದ್ರೆ ಹುಳಿ ಹಾಕಿ ಬೇಯಿಸ್ತೇವೆ, ನಾಯಿ ಹಸಿಯಾಗೇ ಜಗೀತದೆ.

ಜೊಲ್ಲು ಸುರಿಸ್ತದೆ, ಬಾಯಿ ಕೆರಕೊಳ್ತದೆ, ವಾಂತಿ ಮಾಡ್ತದೆ. ಬಾಯಿ ನೀರಲ್ಲಿ ತೊಳೆದು ಒಂದು ಚಮಚ ಮೊಸರು ಕೊಡಿ, ಬಾಯಿ ಬಾತು ಉಸಿರಾಟಕ್ಕೆ ತೊಂದ್ರೆ ಆದ್ರೆ ಮಾತ್ರ ಪಶು ಆಸ್ಪತ್ರೆಗೆ ಹೋಗೋಕೆ ತಡ ಮಾಡಬೇಡಿ. ಹೆಚ್ಚಿನ ಸಲ ಪ್ರಾಣಕ್ಕೆ ಅಪಾಯ ಇಲ್ಲ, ಉರಿ ಹತ್ತಿದ ಕೂಡ್ಲೇ ಅದೇ ಉಗುಳ್ತದೆ.

ನಂಗೆ ಹೆದರಿಕೆ ಬಾಯಿ ಉರಿಸದ ಗಿಡಗಳದ್ದು. ಹೂದಾನಿಯ ನಿಜವಾದ ಲಿಲ್ಲಿ ಇದೆಯಲ್ಲ, ಅದರ ಪರಾಗ ಮೈಗೆ ಹತ್ತಿ ಬೆಕ್ಕು ನೆಕ್ಕಿಕೊಂಡ್ರೂ ಸಾಕು, ಎರಡು ಮೂರು ದಿನದಲ್ಲಿ ಕಿಡ್ನಿ ಹೋಗಬಹುದು. (ಪೀಸ್ ಲಿಲ್ಲಿ ಬೇರೆ, ಅದೂ ಕೆಸುವಿನ ಕಡೆಯದೇ.) ಗೇಟಿನ ಪಕ್ಕ ಶೋಕಿಗೆ ಇಡೋ ಸೈಕಸ್ಸಿನ ಬೀಜ ನಾಯಿಯ ಲಿವರ್ ಕೆಡಿಸ್ತದೆ, ಕಣಗಿಲೆ ಹೃದಯದ ಬಡಿತಾನೇ ತಪ್ಪಿಸ್ತದೆ. ಬೆಕ್ಕಿರೋ ಮನೆಯಲ್ಲಿ ಲಿಲ್ಲಿ ಬೇಡವೇ ಬೇಡ, ಎತ್ತರದಲ್ಲಿ ಇಟ್ಟಿದೇನೆ ಅಂದ್ರೆ ಬೆಕ್ಕು ಹತ್ತೂದಿಲ್ವಾ? ಇನ್ನು ಉಪ್ಪುನೀರು ಕುಡಿಸಿ ವಾಂತಿ ಮಾಡಿಸೋ ಅಜ್ಜನ ಕಾಲದ ಮದ್ದು ಬಿಟ್ಟುಬಿಡಿ, ಉಪ್ಪೇ ವಿಷ ಆಗ್ತದೆ. ತಿಂದ ಗಿಡದ ಒಂದು ಟೊಂಗೆ ಕವರಿಗೆ ಹಾಕ್ಕೊಂಡು ಪಶು ಆಸ್ಪತ್ರೆಗೆ ಹೋಗಿ, ಸುಸ್ತಾಗೋ ತನಕ ಕಾಯಬೇಡಿ.